ಬಂದ್ ಎಂದಳು, ಬಂದ ಎಂದೆ

ಮಹಾದೇವಿ ಹೇಳಿದ ನಿಜವನ್ನು ನಾನು ತಪಾಸಣೆಗೆ ಬಂದ ಅಧಿಕಾರಿಯ ಮುಂದೆ ಸುಳ್ಳಾಗಿ ತಿರುಗಿಸಿದೆ. ಹೆದರಿ ಬಾಯಿತಪ್ಪಿ ಅಂದದ್ದಲ್ಲ. ತಿಳಿದೇ ಅಂದೆ.

ವಾಡಿ ಪಟ್ಟಣದಲ್ಲಿ ಬುದ್ಧಿಮಾಂದ್ಯ ಹೆಣ್ಣುಮಕ್ಕಳಿಗಾಗಿ ಇರುವ ಒಂದು ಸಣ್ಣ ಆಶ್ರಯಮನೆಯಲ್ಲಿ ನಾನು ಬಹಳ ವರ್ಷ ಮೇಲ್ವಿಚಾರಕನಾಗಿದ್ದೆ. ಓದಿದ್ದು ಹೈಸ್ಕೂಲಿನ ತನಕ. ಆರು ಜನ ಇದ್ದರು. ಅಡುಗೆಯವಳು ಮಧ್ಯಾಹ್ನ ಉಣಬಡಿಸಿ ಹೋದರೆ ಸಂಜೆಯ ತನಕ ನಾನೊಬ್ಬನೇ. ಮಲಗುವ ಕೋಣೆಗೆ ಹೊರಗಿನಿಂದ ಚಿಲಕ ಹಾಕಬಾರದೆಂಬ ನಿಯಮ ನನಗೆ ಗೊತ್ತಿತ್ತು. ಗೋಡೆಯ ಮೇಲಿನ ಹಾಳೆಯಲ್ಲೇ ಬರೆದಿತ್ತು, ಅದನ್ನು ಅಂಟಿಸಿದವನೂ ನಾನೇ. ಆದರೂ ಊಟವಾದ ಮೇಲೆ ಅವರನ್ನೆಲ್ಲ ಒಳಗೆ ಕಳಿಸಿ, ಚಿಲಕ ಜಡಿದು, ಸ್ಟೇಷನ್ ಕಡೆ ಚಹಾಕ್ಕೆ ಹೋಗುತ್ತಿದ್ದೆ. ಎರಡು ತಾಸು, ಒಮ್ಮೊಮ್ಮೆ ಮೂರು.

ತಪಾಸಣೆಯ ಹಿಂದಿನ ದಿನ ಚಿಲಕ ಬಿಚ್ಚಿ, ಸ್ಕ್ರೂ ತೂತುಗಳಿಗೆ ಸಾಬೂನು ತುಂಬಿ, ಮೇಲೆ ಬಣ್ಣ ಬಳಿದೆ.

ಬಂದವರು ಮೈಸೂರು ಕಡೆಯ ಸಾಹೇಬರು. ಒಳ್ಳೆಯ ಮನುಷ್ಯ. ಮಹಾದೇವಿಯ ಎದುರು ಫರ್ಸಿ ನೆಲದ ಮೇಲೇ ಕುಳಿತು, "ಇಲ್ಲಿ ನಿನಗೆ ಏನಾದ್ರೂ ತೊಂದ್ರೆ ಇದ್ಯೇನಮ್ಮ?" ಎಂದು ಕೇಳಿದರು.

ಮಹಾದೇವಿ ಆಡಕಿ ಊರಿನವಳು, ಆಗ ಮೂವತ್ತು ದಾಟಿದ್ದಳು. ನಾಲಿಗೆ ತೊಡರುತ್ತಿತ್ತು, ಒಮ್ಮೆಗೆ ಎರಡು ಶಬ್ದ ಹೊರಬಿದ್ದರೆ ಹೆಚ್ಚು. ನನ್ನತ್ತ ಬೆರಳು ತೋರಿಸಿದಳು. "ಕಾಕಾ ಬಂದ್." ಆಮೇಲೆ ಬಾಗಿಲು ತೋರಿಸಿ ಮತ್ತೆ, "ಕಾಕಾ ಬಂದ್."

ನಮ್ಮ ಕಡೆ ಬಾಗಿಲು ಮುಚ್ಚುವುದಕ್ಕೆ ಬಂದ್ ಮಾಡುವುದು ಅನ್ನುತ್ತೇವೆ. ಕಾಕಾ ಬಾಗಿಲು ಬಂದ್ ಮಾಡುತ್ತಾನೆ — ಇಡೀ ದೂರನ್ನು ಅವಳು ತನ್ನ ಎರಡೇ ಶಬ್ದದಲ್ಲಿ ಕೊಟ್ಟಿದ್ದಳು.

ಸಾಹೇಬರು ನನ್ನ ಕಡೆ ತಿರುಗಿದರು. "ಏನಂತಾಳೆ?"

"ಕಾಕಾ ಬಂದ ಅಂತಾಳ್ರಿ ಸಾಹೇಬ್ರ. ನಾ ಬಾಗಿಲದಾಗ ಕಂಡ್ರ ಸಾಕು, ಹಿಂಗೇ ಅಂತಾಳ. ಭಾಳ ಹಚ್ಚಿಕೊಂಡಾಳ್ರಿ ನನ್ನ."

ಸಾಹೇಬರು ನಕ್ಕರು. ನಿವಾಸಿಗಳಿಗೆ ಮೇಲ್ವಿಚಾರಕರ ಮೇಲೆ ಪ್ರೀತಿಯಿದೆ ಎಂದು ಬರೆದುಕೊಂಡರು. ಮಹಾದೇವಿ ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು. ಬುದ್ಧಿ ಸಾಲದವಳೆಂದು ನಾವು ದಾಖಲು ಮಾಡಿಕೊಂಡವಳು — ನಾನು ಮಾಡಿದ್ದೇನೆಂದು ಆ ಕೋಣೆಯಲ್ಲಿ ಅವಳೊಬ್ಬಳಿಗೇ ತಿಳಿದಿತ್ತು.

ಮರುದಿನ ಚಿಲಕ ಮತ್ತೆ ಬಾಗಿಲಿಗೆ ಬಂತು. ಸಾಲದ್ದಕ್ಕೆ, ನನ್ನನ್ನು ಕಂಡರೆ ಅವಳು 'ಕಾಕಾ ಬಂದ' ಅನ್ನುತ್ತಾಳೆಂದು ಓಣಿಯಲ್ಲೆಲ್ಲ ಹೇಳಿಕೊಂಡು ಮೆರೆದೆ. ಎದುರುಮನೆಯ ಶಹನಾಜ್ ಬೀ ಛೇಡಿಸುತ್ತಿದ್ದಳು: "ಏನ್ರಿ ಕಾಕಾ, ಮಹಾದೇವಿ ನಿಮ್ಮ ದಾರಿ ಇಷ್ಟು ಕಾಯ್ತಾಳ. ಮನ್ಯಾಗ ಕಾಕಿನೂ ಕಾಯ್ತಾರೋ, ಇಲ್ಲಾ ಹೊರಗ ಹೋದ್ರ ಸಾಕು ಅಂತಾರೋ?"

ಮುಂದಿನ ಬೇಸಿಗೆಯ ಒಂದು ಮಧ್ಯಾಹ್ನ, ಚಿಲಕ ಹಾಕಿದ ಕೋಣೆಯೊಳಗೆ, ಎಲ್ಲರಿಗಿಂತ ಹಿರಿಯಳಾದ ಚಂದ್ರವ್ವ ಚೆಲ್ಲಿದ ನೀರಿನಲ್ಲಿ ಜಾರಿ ಬಿದ್ದಳು. ಸೊಂಟದ ಎಲುಬು ಮುರಿಯಿತು. ಮಹಾದೇವಿ ಬಾಗಿಲು ಬಡಿಯುತ್ತ ಕೂಗಿದಳು. ಶಹನಾಜ್ ಬೀಗೆ ಕೇಳಿಸಿತ್ತು. ಆಮೇಲೆ ಅಳುತ್ತ ಅಂದಳು: "ಕಾಕಾ ಬಂದ್, ಕಾಕಾ ಬಂದ್ ಅಂತ ಒದರ್ಲಿಕತ್ತಿದ್ಳು ರೀ. ನೀವು ಬಂದೀರಿ ಅಂತ ತಿಳ್ಕೊಂಡು ನಾ ಒಳಗ ಹೋದೆ."

ನಾನು ಬಂದಾಗ ಮೂರು ತಾಸು ಕಳೆದಿತ್ತು. ಬಚ್ಚಲಲ್ಲಿ ಬಿದ್ದಳೆಂದು ಡಾಕ್ಟರಿಗೆ ಹೇಳಿದೆ. ಚಂದ್ರವ್ವ ಮತ್ತೆ ನಡೆಯಲಿಲ್ಲ. ಮಹಾದೇವಿ ನನ್ನೊಂದಿಗೆ ಮತ್ತೆ ಮಾತಾಡಲಿಲ್ಲ — ಒಂದು ಶಬ್ದವನ್ನೂ.

ನಾನು ಆ ಕೆಲಸ ಬಿಟ್ಟು ಬಹಳ ವರ್ಷವಾಯಿತು. ಈಗ ಆ ಮನೆಯ ಪರವಾನಗಿ ನವೀಕರಣವಾಗಬೇಕಿದೆ. ಮಹಾದೇವಿ ಇನ್ನೂ ಅಲ್ಲೇ ಇದ್ದಾಳೆ. ಮನೆ ನಡೆಸುವ ಸಮಿತಿಯ ಅಧ್ಯಕ್ಷರು ನನ್ನನ್ನು ಕರೆಸಿದರು. "ಆ ಹೆಣ್ಣುಮಕ್ಕಳ ಮಾತು ನಿಮ್ಮಷ್ಟು ಯಾರಿಗೂ ತಿಳ್ಯಾಂಗಿಲ್ರಿ. ತಪಾಸಣಿ ದಿನ ಬಾಜೂಕ ಕುಂತು ಸಾಹೇಬ್ರಿಗೆ ತಿಳಿಸಿ ಹೇಳ್ರಿ." ನಾನು ನಡೆದದ್ದೆಲ್ಲ ಬಾಯಿಬಿಟ್ಟೆ. ಅವರು ಅಂದರು: "ಈಗ್ಯಾಕ ಕೆದರ್ತೀರಿ? ನಿಮಗ ವಯಸ್ಸಾಗ್ಯದ, ನೆನಪು ಹಾರ್ಯದ. ನಿಮ್ಮ ಮಾತು ಯಾರು ಹಿಡೀತಾರ?"

ಹಿಡಿಯದಿದ್ದರೆ ಬಿಡಲಿ. ಒಬ್ಬರ ಮಾತನ್ನು ಲೆಕ್ಕಕ್ಕೆ ಬಾರದಂತೆ ಮಾಡುವುದು ಎಷ್ಟು ಸುಲಭವೆಂದು ಅವರು ನನಗೆ ಕಲಿಸಬೇಕಾಗಿಲ್ಲ.

ಒಬ್ಬನೇ ಆರು ಜನರನ್ನು ಹೇಗೆ ನೋಡಿಕೊಳ್ಳಬೇಕಿತ್ತು ಎಂದು ನನ್ನ ಪರವಾಗಿ ಕೇಳುವವರೂ ಇದ್ದಾರೆ. ಒಬ್ಬನೇ ಇದ್ದದ್ದು ನಿಜ. ಅದನ್ನೇ ಅಂದು ಸಾಹೇಬರಿಗೆ ಹೇಳಬಹುದಿತ್ತು, ಇನ್ನೊಬ್ಬರನ್ನು ಕೊಡಿ ಅನ್ನಬಹುದಿತ್ತು, ಅದು ಬಿಟ್ಟು — ಇಲ್ಲ, ನನ್ನ ಪರವಾಗಿ ಯಾರೂ ಕೇಳಬೇಡಿ. ಮನೆ ಮುಚ್ಚಿಹೋದರೆ ಅವರ ಗತಿ ಏನು ಎಂದು ಹೆದರಿಸುತ್ತಾರೆ. ಅವರಿಗೆ ಮನೆ ಬೇಕು, ಚಿಲಕ ಬೇಡ. ಎರಡೂ ಒಂದೇ ಎಂಬಂತೆ ಮಾತಾಡಬೇಡಿ. ತಪಾಸಣೆಗೆ ಬರುವವರು ನನ್ನಂಥವನನ್ನು ನಡುವೆ ಕೂರಿಸಿಕೊಳ್ಳಬಾರದು. ಆ ಹೆಣ್ಣುಮಕ್ಕಳ ಮಾತು ಬಲ್ಲ, ಮನೆಯ ಕೆಲಸಕ್ಕೆ ಸಂಬಂಧವಿಲ್ಲದ ಒಬ್ಬರನ್ನು ಕರೆಸಬೇಕು. ಇಷ್ಟನ್ನೂ ಬರೆದು ಚಿತ್ತಾಪುರದ ತಾಲೂಕು ಕಚೇರಿಗೆ ಒಯ್ದೆ.

"ಯಾರ ಮ್ಯಾಲ ದೂರು ರೀ ಅಜ್ಜಾರ?" ಗುಮಾಸ್ತ ಕೇಳಿದ.

"ನನ್ನ ಮ್ಯಾಲ."

"ಹಂಗ ಬರಾಂಗಿಲ್ರಿ. ದೂರು ಕೊಟ್ಟವರು ಬ್ಯಾರೆ ಇರ್ಬೇಕು."

"ಮಹಾದೇವಿ ಅಂತ ಬರ್ಕೋ ತಮ್ಮಾ. ಅಕಿ ದೂರು ಕೊಟ್ಟು ಭಾಳ ವರ್ಷ ಆತು."

ಅವನು ಪೆನ್ನು ಕೆಳಗಿಟ್ಟ. ಅರ್ಜಿ ಇನ್ನೂ ದಾಖಲಾಗಿಲ್ಲ. ಸೋಮವಾರ ಮತ್ತೆ ಹೋಗುತ್ತೇನೆ. ಈ ಸಲ ದೂರಿಗೆ ಸಹಿ ಹಾಕಲು ಮಹಾದೇವಿಯ ಅಕ್ಕನೂ ಆಡಕಿಯಿಂದ ಬರುತ್ತಾಳೆ. "ನಿಮ್ಮ ಸಲುವಾಗಿ ಬರಾಕತ್ತಿಲ್ಲ ನಾನು," ಎಂದು ಫೋನಿನಲ್ಲಿ ಮೊದಲೇ ಹೇಳಿದ್ದಾಳೆ. ನನ್ನ ಸಲುವಾಗಿ ಬರಬಾರದು ಕೂಡ.