ದ್ಯಾಮವ್ವನಿಗೆ ಹೊತ್ತ ಬೆಳ್ಳಿ ಕೈ

1989ರ ಹೋಳಿ ಹುಣ್ಣಿಮೆ. ಬ್ಯಾಡಗಿಯ ನಮ್ಮ ಮನೆಯಲ್ಲಿ ಹೋಳಿಗೆಗೆ ಬೇಳೆ ಕುದಿಯುತ್ತಿತ್ತು. ನಾನು ಪಡಸಾಲೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದೆ. ಐದು ವರ್ಷದ ಮಗಳು ವೀಣಾ ಒಲೆಯ ಮೇಲಿನ ಪಾತ್ರೆ ಎಳೆದಳು. ಬೇಳೆಯ ಬಿಸಿ ಕಟ್ಟು ಅವಳ ಬಲಗೈ ಮೇಲೆ ಸುರಿಯಿತು. ಓಡಿಹೋಗಿ ಆ ಕೈಯನ್ನೇ ಹಿಡಿದೆ. ನನ್ನ ಬೆರಳಿಗೆ ಖಾರ ಅಂಟಿದ್ದು ನೆನಪಾದದ್ದು, ಮಗು ಮತ್ತೊಮ್ಮೆ ಚೀರಿದಾಗ.

ಮಧ್ಯಾಹ್ನವೇ ಬಸ್ಸು ಹತ್ತಿ ರಾಣೆಬೆನ್ನೂರಿನ ದವಾಖಾನೆಗೆ ಹೋದೆವು. ಅಲ್ಲಿನ ಲೇಡಿ ಡಾಕ್ಟರು, ಎಲ್ಲರೂ ‘ಡಾಕ್ಟರ್ ಬಾಯಿ’ ಅನ್ನುತ್ತಿದ್ದವರು, ಗಾಯ ತೊಳೆದು, ಮೊಸರಿನಂಥ ಬಿಳಿ ಮುಲಾಮು ದಪ್ಪಗೆ ಹಚ್ಚಿ, ಒಂದೊಂದು ಬೆರಳನ್ನೂ ಬೇರೆ ಮಾಡಿ ಕಟ್ಟಿದರು.

"ಕೀವಾಗಲಿಲ್ಲಂದ್ರ ಚಿಂತಿಲ್ಲವಾ. ಕೀವಾತಂದ್ರ ಬೆರಳು ಕೂಡಿಕೊಂಡು ಮುಷ್ಟಿ ಹಂಗ ಉಳದ್ರೂ ಉಳದಾವು."

ಆ ವರ್ಷವೇ ಅವಳನ್ನು ಶಾಲೆಗೆ ಹಾಕಬೇಕಿತ್ತು.

ಸಂಜೆ ಅತ್ತೆ ಹೇಳಿದರು: "ನಮ್ಮ ಊರದೇವತಿ ದ್ಯಾಮವ್ವಗ ಒಂದು ಬೆಳ್ಳಿ ಕೈ ಹರಕಿ ಹೊತ್ಕೊ. ನೀ ಕಲಿತ ಕಾನ್ವೆಂಟಿನ ಸಿಸ್ಟರು ಕಲಿಸಲಿಲ್ಲಂತ ಸುಮ್ನ ಕುಂದ್ರಬ್ಯಾಡ."

ಹರಕೆಯೆಂದರೆ ದೇವರ ಜೊತೆ ಚೌಕಾಶಿ ಎಂದೇ ನನಗೆ ಅನಿಸುತ್ತಿತ್ತು. ಆದರೂ ದೇವರ ಮುಂದೆ ಕುಳಿತು, ಬೆಳ್ಳಿ ಕೈ ಹೊತ್ತು ಬೇಡಿಕೊಂಡೆ. ಅವ್ವಾ, ಈ ಕೈ ಬಿಚ್ಚುವಂತೆ ಮಾಡು.

ಆಮೇಲೆ ಬ್ಯಾಂಡೇಜು ಬದಲಿಸಲು ದಿನಾಲೂ ಬಸ್ಸು. ಜನ ಆ ಕಟ್ಟಿದ ಕೈ ನೋಡಿ ಜಾಗ ಬಿಡುತ್ತಿದ್ದರು. ಮೋಟೆಬೆನ್ನೂರಿನಲ್ಲಿ ಹತ್ತಿದ ಅಜ್ಜಿಯೊಬ್ಬಳು ವೀಣಾಳ ಇನ್ನೊಂದು ಕೈಗೆ ಬೆಲ್ಲದ ಚೂರು ಇಟ್ಟಳು.

ಹತ್ತನೆಯ ದಿನ ಅಂಗಳದ ಬಿಸಿಲಿನಲ್ಲಿ ವೀಣಾಳ ತಲೆ ಬಾಚುತ್ತಿದ್ದೆ. ಬ್ಯಾಂಡೇಜು ಸಡಿಲಾಗಿತ್ತು. ಅಂಚಿಗೆ ಬಂದ ಮುಲಾಮು ಬೂದುಗಪ್ಪಾಗಿತ್ತು. ಕೈ ಕೊಳೆಯಿತೆಂದೇ ತಿಳಿದೆ. ಬಸ್ಸಿನಲ್ಲಿ ದೇವರ ಹೆಸರೂ ಬಾಯಿಗೆ ಬರಲಿಲ್ಲ. ಖಾರದ ಕೈಯಲ್ಲಿ ಮುಟ್ಟಿದವಳು ನಾನು, ಅದೊಂದೇ ತಲೆಯಲ್ಲಿ.

ಡಾಕ್ಟರ್ ಬಾಯಿ ಗಾಬರಿಯಾಗಲಿಲ್ಲ. "ನಿಮ್ಮ ದೇವರ ಮನ್ಯಾಗ ಬೆಳ್ಳಿ ಸಾಮಾನು ಅದಾವೇನು?"

"ಕುಂಕುಮದ ಭರಣಿ ಐತ್ರಿ."

"ಇಟ್ಟಲ್ಲೇ ಕಪ್ಪಾಗತೈತಿಲ್ಲ? ಇದೂ ಹಂಗ. ಈ ಮುಲಾಮಿನ್ಯಾಗ ಬೆಳ್ಳಿ ಐತಿ, ಕಣ್ಣಿಗೆ ಕಾಣದಷ್ಟು ಸಣ್ಣಾಗಿ. ಬೆಳಕು ಬಿದ್ರ ಕಪ್ಪಾಗತೈತಿ. ಕೀವಾಗದಂಗ ಕಾಯೂದು ಅದ."

"ನನ್ನ ಕೈಗೆ ಬೆಳ್ಳಿ ಹಚ್ಚೀರೇನ್ರಿ?" ಎಂದಳು ವೀಣಾ.

"ಹೂನವಾ. ನಿಮ್ಮವ್ವ ಕಾಲಿಗೆ ಹಾಕ್ಕೊಂಡಾಳ, ನಿನಗ ಕೈಗೆ."

ಬಟ್ಟೆ ಬಿಚ್ಚಿ ತೊಳೆದರು. ಕೀವಿರಲಿಲ್ಲ. ಎಳೆಯ ಗುಲಾಬಿ ಚರ್ಮ ಬಂದಿತ್ತು. ಬಿಚ್ಚು ಎಂದಾಗ ಐದೂ ಬೆರಳು ಒಂದೊಂದಾಗಿ ಬಿಚ್ಚಿದವು.

ನಾನು ಬೆಳ್ಳಿ ಹೊತ್ತದ್ದು ಸಂಜೆ. ತಾಯಿ ದ್ಯಾಮವ್ವ ಮಧ್ಯಾಹ್ನವೇ ಮಗುವಿನ ಕೈಗೆ ಬೆಳ್ಳಿ ಹಚ್ಚಿಸಿದ್ದಳು. ಚೌಕಾಶಿ ಎಲ್ಲಿತ್ತು? ನಾನು ಬಾಯಿ ತೆರೆಯುವ ಮೊದಲೇ ಕೊಟ್ಟಾಗಿತ್ತು. ವೈದ್ಯರ ವಿದ್ಯೆಯೂ, ಕಣ್ಣಿಗೆ ಕಾಣದ ಆ ಬೆಳ್ಳಿಯೂ ಅವಳವೇ ಎಂದು ಅಂದಿನಿಂದ ನಂಬಿದ್ದೇನೆ.

ಯುಗಾದಿ ಕಳೆದ ಮೇಲೆ ಬೆಳ್ಳಿ ಬಂಗಾರದ ಕೆಲಸ ಮಾಡುವ ಪತ್ತಾರರ ಅಂಗಡಿಯಲ್ಲಿ ವೀಣಾ ಹಾಳೆಯ ಮೇಲೆ ಅಂಗೈ ಊರಿದಳು. ಅವರು ಸುತ್ತಲೂ ಪೆನ್ಸಿಲ್ಲಿನಿಂದ ಗೆರೆ ಎಳೆದರು. ಅದೇ ಅಳತೆಯ ಬೆಳ್ಳಿ ಕೈಯನ್ನು ದ್ಯಾಮವ್ವನಿಗೆ ಒಪ್ಪಿಸಿದೆವು.

ಈ ನವರಾತ್ರಿಗೆ ಗುಡಿಗೆ ಹೋದಾಗ ಆ ಬೆಳ್ಳಿ ಕೈ ಕಪ್ಪಾಗಿತ್ತು. "ತಿಕ್ಕಿ ಇಡ್ತೇನಿ ತಂಗಿ" ಎಂದರು ಪೂಜಾರಿ.

"ಹಂಗ ಇರಲಿ ಬಿಡ್ರಿ" ಎಂದೆ.

ಪಕ್ಕದಲ್ಲಿ ವೀಣಾ ಕೈಮುಗಿದು ನಿಂತಿದ್ದಳು. ಎರಡು ಅಂಗೈಗಳ ನಡುವೆ ಸಂದು ಇರಲಿಲ್ಲ.