ಕಾರವಾನಿನ ಕರೆಂಟು, ಬಾಳಕ್ಕನ ಸೌಟು

ಸಂಗಪ್ಪ ಎದುರಿಗೆ ಕೂತವರ ಜೊತೆಗೂ ಆಚೆ ಹೊಲದವರನ್ನು ಕರೆದಂತೆ ಮಾತಾಡುತ್ತಾನೆ. ಕುವೈತಿನ ಬ್ನೇದ್ ಅಲ್ ಗಾರ್‌ನಲ್ಲಿ ಅವನ ಮನೆ ಮೇಲೆ, ನನ್ನದು ಕೆಳಗೆ. ಅವನು ಅಲ್ಲಿ ಚಹಾ ಕೇಳಿದರೆ ಇಲ್ಲಿ ನನ್ನ ಹೆಂಡತಿ ಇನೆಜ್ ನೀರಿಡುತ್ತಾಳೆ. ರೋಣದ ಕಡೆಯವನು, ರಾಯ್ ಎಂಬ ಕೈಗಾರಿಕಾ ಪ್ರದೇಶದ ಒಂದು ವರ್ಕ್‌ಶಾಪಿನಲ್ಲಿ ಎಲೆಕ್ಟ್ರಿಷಿಯನ್. ಚಳಿ ಬಿತ್ತೆಂದರೆ ಕುವೈತಿಗಳು ಮರುಭೂಮಿಯಲ್ಲಿ ಡೇರೆ ಹಾಕುತ್ತಾರೆ, ಕಾರವಾನ್ ನಿಲ್ಲಿಸುತ್ತಾರೆ. ಆ ಗಾಲಿಮನೆಗಳಿಗೆ ಜನರೇಟರಿನಿಂದ ಕರೆಂಟು ಎಳೆಯುವ ತಿಂಗಳುಗಳೆಂದರೆ ಸಂಗಪ್ಪನಿಗೆ ಹಬ್ಬ.

ಇಂಥವನ ಹೆಂಡತಿ ಬಾಳಕ್ಕ ಒಂದು ಸ್ವಿಚ್ಚನ್ನೂ ಬೆರಳಿನಿಂದ ಒತ್ತಿದವಳಲ್ಲ! ಹುಡುಗಿಯಾಗಿದ್ದಾಗ ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿ ಅವಳನ್ನು ಎತ್ತಿ ಒಗೆದಿತ್ತಂತೆ. ಅಂದಿನಿಂದ ಲೈಟು, ಫ್ಯಾನು, ಮಿಕ್ಸರ್ ಎಲ್ಲಕ್ಕೂ ಕಟ್ಟಿಗೆ ಸೌಟಿನ ಹಿಡಿಯೇ.

"ಇವ್ರ ಕೆಲಸ ಛಲೋನ ಇರಬೇಕ್ರಿ. ಆದ್ರ ಕರೆಂಟಿಗೆ ಗಂಡ-ಹೆಂಡ್ತಿ ಅನ್ನೂದು ಏನ್ ಗೊತ್ತೈತಿ?" ಎನ್ನುತ್ತಿದ್ದಳು.

ಊರವರೆಲ್ಲ ನಂಬುವ ಕೈಯನ್ನು ಮನೆಯಾಕೆ ನಂಬುವುದಿಲ್ಲವಲ್ಲ ಎಂದು ಸಂಗಪ್ಪನಿಗೆ ನಿಜವಾಗಿಯೂ ನೋವಿತ್ತು. ನಾನು ಆಗಾಗ ಅದನ್ನೇ ಎತ್ತಿ ಕಾಡುತ್ತಿದ್ದೆ. ಗೆಳೆಯ ಅಂದಮೇಲೆ ಅಷ್ಟೂ ಮಾಡದಿದ್ದರೆ ಹೇಗೆ?

ಈ ಸಲದ ಎಳ್ಳಮಾವಾಸ್ಯೆ ರಜೆಯ ದಿನ ಬಂತು. ಅವತ್ತೇ ಮುತ್ತಲಿಬ್ ಎಂಬ ಕುವೈತಿಯ ಕಾರವಾನಿಗೆ ಕರೆಂಟು ಕೊಡಬೇಕಿತ್ತು. ಹಿಂದಿನ ಚಳಿಗಾಲದಲ್ಲಿ ಯಾರೋ ಮಾಡಿದ ವಯರಿಂಗಿನಿಂದ ಬಾಗಿಲ ಹಿಡಿಕೆ ಮುತ್ತಲಿಬ್‌ನ ಮುದಿತಾಯಿಗೆ ಜುಮ್ಮೆಂದು ಹೊಡೆದಿತ್ತು. ಮಂಡಿನೋವಿನ ಜೀವ, ಹೀಟರಿಲ್ಲದ ಡೇರೆಯಲ್ಲಿ ಮಲಗಲಾರಳು, ಕಾರವಾನ್ ಹತ್ತಲೊಲ್ಲಳು. ಈ ಸಲವೂ ಅವಳು ಒಳಗೆ ಬರದಿದ್ದರೆ ಕಾರವಾನನ್ನು ಮಾರಿ ಖಲಾಸ್ ಮಾಡುವುದಾಗಿ ಮಗ ಹೇಳಿದ್ದ. ಮರಳಲ್ಲೇ ಹುಟ್ಟಿ ಬೆಳೆದವಳಿಗೆ ಮರಳಿನ ಚಳಿಗಾಲವೇ ತಪ್ಪಿಹೋಗುತ್ತಿತ್ತು. ಸಂಗಪ್ಪ ಎದೆ ತಟ್ಟಿ ಮಾತು ಕೊಟ್ಟುಬಿಟ್ಟಿದ್ದ.

ಕಾರು ನನ್ನದು. ಬಾಳಕ್ಕ ಸಜ್ಜೆರೊಟ್ಟಿ, ಎಣ್ಣೆಗಾಯಿ, ಶೇಂಗಾಹೋಳಿಗೆಯ ಬುತ್ತಿಯೊಂದಿಗೆ ಹಿಂದೆ ಕೂತಿದ್ದಳು. ಎಳ್ಳಮಾವಾಸ್ಯೆಗೆ ಅವರ ಕಡೆ ಹೊಲಕ್ಕೆ ಹೋಗಿ ಭೂಮಿತಾಯಿಗೆ ಚರಗ ಚೆಲ್ಲುತ್ತಾರೆ, ಎಂದರೆ ಮಾಡಿದ ಅಡುಗೆಯನ್ನೆಲ್ಲ ಕಲಸಿ ಹೊಲದ ಸುತ್ತ ಎರಚುತ್ತಾರೆ. ಇಲ್ಲಿಗೆ ಬಂದಾಗಿನಿಂದ ಅವಳು ಬಾಲ್ಕನಿಯ ಕುಂಡಕ್ಕೇ ಚೆಲ್ಲುತ್ತ ಬಂದಿದ್ದಳು. "ಹೊಲ ಇಲ್ದಿದ್ರ ಏನಾತು, ಮರಳರ ಐತಲ್ಲ?" ಎಂದು ಹೊರಟಿದ್ದಳು.

ಜನರೇಟರಿನಿಂದ ಕೇಬಲ್ ಎಳೆದದ್ದಾಯಿತು. ಕರೆಂಟು ಸೋರಿದರೆ ತಾನಾಗಿ ಬಿದ್ದು ಎಲ್ಲವನ್ನೂ ಆರಿಸುವ ಟ್ರಿಪ್ಪರ್ ಕೂರಿಸಿದ್ದಾಯಿತು. ಕಾರವಾನಿನ ಮೈಗೆ ಬಿಗಿದ ತಂತಿಯ ಇನ್ನೊಂದು ತುದಿಯನ್ನು ಅರ್ಥಿಂಗ್ ಸಲಾಕೆಗೆ ಕಟ್ಟಿ, ಸಂಗಪ್ಪ ಅದನ್ನು ಮರಳಿಗೆ ಬಡಿದ. ನಾಲ್ಕೇ ಏಟಿಗೆ ಸರಸರನೆ ಇಳಿಯಿತು.

"ನೋಡ್ರಿ ಬೊನವೆಂಚರ್ ಸರ! ನಮ್ಮ ಎರಿಮಣ್ಣಿನ್ಯಾಗ ಆಗಿದ್ರ ರಟ್ಟಿ ಬಿದ್ದು ಹೋಗ್ತಿದ್ವು!"

ಎಂದು ನನ್ನೆದುರು ಕುಣಿದಾಡಿದ. ಆಮೇಲೆ ಪರೀಕ್ಷೆಗೆಂದು ಒಂದು ಬಲ್ಬಿನ ಮೂಲಕ ಬೇಕೆಂದೇ ಕಾರವಾನಿನ ಮೈಗೆ ಕರೆಂಟು ಬಿಟ್ಟ. ಟ್ರಿಪ್ಪರ್ ಬೀಳಬೇಕಿತ್ತು. ಬೀಳಲಿಲ್ಲ. ಅಷ್ಟು ಸಲೀಸಾಗಿ ಇಳಿದ ಸಲಾಕೆಯನ್ನು ಒಣಮರಳು ಹಿಡಿದಿರಲೇ ಇಲ್ಲ, ಕರೆಂಟಿಗೆ ನೆಲಕ್ಕಿಳಿಯಲು ದಾರಿಯೇ ಇರಲಿಲ್ಲ. ದೂರದಲ್ಲಿ ಮುತ್ತಲಿಬ್‌ನ ಗಾಡಿ ಧೂಳೆಬ್ಬಿಸುತ್ತ ಬರುತ್ತಿತ್ತು. ಮೊದಲ ಬಾರಿಗೆ ಸಂಗಪ್ಪನ ಬಾಯಿ ಕಟ್ಟಿತು.

ಬಾಯಿ ಬಿಟ್ಟವಳು ಬಾಳಕ್ಕ. "ಊರಾಗ ಕರೆಂಟಿನ ಟಿಸಿ ಕಂಬದ ಬುಡಕ್ಕ ಉಪ್ಪು-ಇದ್ದಲಿ ಹಾಕಿ, ಬ್ಯಾಸಗ್ಯಾಗ ನೀರು ಹನಿಸೂದಿಲ್ಲೇನು? ಮರಳಿಗೂ ನೀರಡಿಕಿ ಇರತೈತಿ!"

"ಏ, ಖರೇನ ಐತಲೇ! ಯಲ್ಲಾ, ಸರ, ನಡೀರಿ ನಡೀರಿ!"

ಜನರೇಟರ್ ಆರಿಸಿ ಸಲಾಕೆ ಕಿತ್ತು ಗುಂಡಿ ತೋಡಿದೆವು. ಆಫೀಸಿನಲ್ಲಿ ಪೆನ್ನು ಬಿಟ್ಟು ಬೇರೇನೂ ಎತ್ತದ ನಾನು, ಮುತ್ತಲಿಬ್ ಮನೆಯವರು ಮಾಂಸ ಸುಡಲು ತಂದಿಟ್ಟಿದ್ದ ಇದ್ದಿಲಿನ ಚೀಲ ಹೊತ್ತು ಓಡಿದೆ. ಡೇರೆಯ ಅಡುಗೆಮನೆಯ ಉಪ್ಪೆಲ್ಲ ಗುಂಡಿಗೆ ಹೋಯಿತು. ಬಕೆಟ್ಟುಗಟ್ಟಲೆ ಸುರಿದ ನೀರನ್ನೆಲ್ಲ ಮರಳು ಗಟಗಟ ಕುಡಿಯಿತು. ಸಲಾಕೆ ನೆಟ್ಟು ಮತ್ತೆ ಪರೀಕ್ಷೆ ಮಾಡಿದರೆ ಟಪ್! ಕಾರವಾನಿನ ದೀಪಗಳೆಲ್ಲ ಆರಿದವು.

"ಬಿತ್ತು! ಬಿತ್ತು!" ಕರೆಂಟು ಹೋದದ್ದಕ್ಕೆ ಅಷ್ಟು ಖುಷಿಪಟ್ಟ ಎಲೆಕ್ಟ್ರಿಷಿಯನ್ನನನ್ನು ನಾನು ಕಂಡಿಲ್ಲ. ನನಗೂ ಕೂಗಬೇಕೆನಿಸಿತು, ಕೂಗಿದೆ. ಸಂಗಪ್ಪ ಬಲ್ಬು ಬಿಚ್ಚಿ ಟ್ರಿಪ್ಪರ್ ಎತ್ತಿದ, ದೀಪಗಳು ಹತ್ತಿದವು.

ಅಷ್ಟರಲ್ಲಿ ಮಗನ ಗಾಡಿಯಿಂದಿಳಿದ ಮುದುಕಿ ಕೋಲೂರಿ ಬಂದು ಮೆಟ್ಟಿಲ ಬಳಿ ನಿಂತಳು. ಸಂಗಪ್ಪ ಹಿಡಿಕೆ ಹಿಡಿದು ತೋರಿಸಿದ. "ಲಾ, ಲಾ", ಇಲ್ಲ ಇಲ್ಲ ಎಂದಳು. ಮಗ ಹಿಡಿದ. ಅದಕ್ಕೂ ಲಾ. ಹೋದ ವರ್ಷವೂ ಗಂಡಸರೆಲ್ಲ ಏನೂ ಆಗೋದಿಲ್ಲ ಅಂದವರೇ ತಾನೆ? ಕೋಲೆತ್ತಿ ಬಾಳಕ್ಕನನ್ನು ತೋರಿಸಿದಳು. ಇವಳು ಹಿಡಿಯಲಿ.

ಬಾಳಕ್ಕ ಆಗಷ್ಟೇ "ಹುಲ್ಲುಲ್ಲಿಗೋ" ಎಂದು ಚರಗದ ವಾಡಿಕೆಯ ಕೂಗು ಹಾಕುತ್ತ ಮರಳಿಗೆ ಚರಗ ಚೆಲ್ಲಿ ಬಂದಿದ್ದಳು. ಕೈ ಒದ್ದೆ, ಸೌಟು ಮನೆಯಲ್ಲಿ. ಗಂಡನನ್ನು ನೋಡಿದಳು. ಅವನು ಒತ್ತಾಯಿಸಲಿಲ್ಲ, "ನಿನಗ ಬ್ಯಾಡ ಅನಿಸಿದ್ರ ಬ್ಯಾಡ" ಎಂದ. ಬಾಳಕ್ಕ ಸೆರಗಿಗೆ ಕೈ ಒರೆಸಿಕೊಂಡು, ಕಣ್ಣು ಮುಚ್ಚಿ, ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದಳು.

ಏನೂ ಆಗಲಿಲ್ಲ.

ಕಣ್ಣು ಬಿಟ್ಟು ನಕ್ಕಳು ನೋಡಿ! ಮುದುಕಿ ಅವಳ ಕೈಯ ಮೇಲೆ ತನ್ನ ಕೈಯಿಟ್ಟಳು. ಇಬ್ಬರೂ ಒಟ್ಟಿಗೇ ಬಾಗಿಲು ಎಳೆದು ಒಳಗೆ ಹೋದರು. ಹೀಟರಿನ ಮುಂದೆ ಕೂತು ಮುದುಕಿ ಹೋಳಿಗೆಯ ಮೇಲೆ ಹೋಳಿಗೆ ತಿಂದಳು, ನನ್ನ ಪಾಲಿನದನ್ನೂ ಸೇರಿಸಿ.

ಮನೆಗೆ ಮರಳುವಾಗ ಸಂಜೆಯಾಗಿತ್ತು. ಬುತ್ತಿಯ ಪಾತ್ರೆ ಹಿಡಿದು ನಾನೂ ಮೇಲಿನ ಮನೆಗೆ ಹೋದೆ. ಬಾಗಿಲ ಪಕ್ಕದ ಮೊಳೆಗೆ ಸೌಟು ನೇತಾಡುತ್ತಿತ್ತು. ಬಾಳಕ್ಕನ ಕೈ ವಾಡಿಕೆಯಂತೆ ಅದರತ್ತ ಹೋಯಿತು, ನಿಂತಿತು. ಆಮೇಲೆ ಅವಳು ಬೆರಳಿನಿಂದಲೇ ಸ್ವಿಚ್ ಒತ್ತಿದಳು. ಲೈಟು ಹತ್ತಿತು.

ಸಂಗಪ್ಪ ಅವಳಿಗೆ ಏನೋ ಹೇಳಿದ. ಕೆಳಗಿನ ಮನೆಗಿರಲಿ, ಪಕ್ಕದಲ್ಲೇ ನಿಂತಿದ್ದ ನನಗೂ ಅದು ಕೇಳಿಸಲಿಲ್ಲ.