ಬೋರಲು ಹಾಕಿದ ಕಲ್ಲು

ಇವತ್ತು ಬೆಳಿಗ್ಗೆ ಹಿತ್ತಲಿನ ಒಗೆಯುವ ಕಲ್ಲಿನಿಂದ ಹಸಿ ಸೋಪಿನ ವಾಸನೆ ಬರುತ್ತಿದ್ದಾಗಲೇ ಪರದೇಶದ ಹೆಂಗಸೊಬ್ಬಳು ನಮ್ಮ ಧಾರವಾಡದ ಮನೆಯ ಬಾಗಿಲು ಬಡಿದಳು. ಹಿಟ್ಲರನ ಕಾಲದಲ್ಲಿ ಜರ್ಮನಿಯಿಂದ ಜೀವ ಉಳಿಸಿಕೊಂಡು ಬಂದು, ನಮ್ಮ ಓಣಿಯಲ್ಲೇ ದವಾಖಾನೆ ಇಟ್ಟಿದ್ದ ಯಹೂದಿ ಡಾಕ್ಟರ ಮೊಮ್ಮಗಳಂತೆ. ಅವರ ಸಮಾಧಿ ಹುಡುಕಿಕೊಂಡು ಬಂದಿದ್ದಳು.

ಆ ಒಗೆಯುವ ಕಲ್ಲು ನಮ್ಮ ಮನೆಗೆ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ನಮ್ಮಜ್ಜ ಅದನ್ನು ಊರ ಹೊರಗಿನಿಂದ ಚಕ್ಕಡಿಯಲ್ಲಿ ಹೇರಿಕೊಂಡು ಬಂದಿದ್ದ. ಕನ್ನಡವೂ ಅಲ್ಲದ, ಇಂಗ್ಲಿಷೂ ಅಲ್ಲದ ಅದರ ಅಕ್ಷರಗಳ ಮೇಲೆ ನಾನು ಬೆರಳಾಡಿಸಿದ್ದೆ.

“ಡಾಕ್ಟರ್ರ ಗೋರಿ ಕಲ್ಲದು. ಹೆಂಡ್ತಿ ಮಕ್ಕಳು ದೇಶಾನ ಬಿಟ್ಟು ಹೋದ್ರು, ಇನ್ನ ಕೇಳಾವ್ರು ಯಾರದಾರ?” ಎಂದ ಅಜ್ಜ.

ಅಜ್ಜಿ ಗಲ್ಲ ಬಡಿದುಕೊಂಡಳು. ಈಗ ಕಲ್ಲನ್ನು ವಾಪಸ್ ಕಳಿಸುತ್ತಾಳೆ ಅಂದುಕೊಂಡೆ.

“ಅಕ್ಷರ ತುಳಿಬಾರದ್ರಿ, ಪಾಪ ಬರತೈತಿ. ಬೋರಲ ಹಾಕ್ರಿ” ಎಂದಳು.

ಬೋರಲು ಹಾಕಿದರು. ಅಜ್ಜಿ ಅದರ ಮೇಲೆ ವರ್ಷಗಟ್ಟಲೆ ಸೀರೆ ಬಡಿದಳು. ಬಡಿಯುತ್ತಲೇ, “ಡಾಕ್ಟರ್ರ ಕೈಗುಣ ಭಾಳ ಛಲೋ ಇತ್ತು, ನಿಮ್ಮಪ್ಪನ್ನ ಉಳಿಸಿದಾವ್ರು ಅವರ” ಅನ್ನುತ್ತಿದ್ದಳು. ನಾನೂ ಅದರ ಮೇಲೆ ಹಿಮ್ಮಡಿ ತಿಕ್ಕಿಕೊಂಡೇ ದೊಡ್ಡವಳಾದೆ.

“ಅವರ ಗುರುತು ಏನೂ ಉಳಿದಿಲ್ಲವೇ?” ಎಂದು ಇವತ್ತು ಡಾಕ್ಟರ ಮೊಮ್ಮಗಳು ಇಂಗ್ಲಿಷಿನಲ್ಲಿ ಕೇಳಿದಳು. ಇಲ್ಲ ಅಂದೆ. ನಾಲಿಗೆ ತಡವರಿಸಲೂ ಇಲ್ಲ.

“ಧೂಳಾಗ ಅಡ್ಡಾಡಿ ಬಂದಾರ, ಮೊದಲ ಕಾಲಿಗೆ ನೀರು ಕೊಡವಾ” ಎಂದು ಒಳಗಿನಿಂದ ಅವ್ವ ಕೂಗಿದಳು.

ಹಿತ್ತಲಿಗೆ ಕರೆದುಕೊಂಡು ಹೋದೆ. ಆಕೆ ಚಪ್ಪಲಿ ಬಿಟ್ಟು ಆ ಕಲ್ಲಿನ ಮೇಲೇ ನಿಂತಳು. ನಾನು ತಂಬಿಗೆಯಿಂದ ನೀರು ಹಾಕಿದೆ. ನಮ್ಮ ಉಪಚಾರಕ್ಕೆ ಆಕೆಯ ಕಣ್ಣು ತುಂಬಿ ಬಂತು.

ನಮ್ಮ ಮನೆತನದಲ್ಲಿ ಇವತ್ತಿಗೂ ಯಾರೂ ಅಕ್ಷರ ತುಳಿಯುವುದಿಲ್ಲ.